ಕೈಗೆ ಸಿಗದ ಟಕ್ಕು

ಇದು ನಡೆದ ಕಥೆ. ಆದರೆ ಮುಕ್ಕಾಲು ಪಾಲು ಕುಳಿತಲ್ಲೇ ನಡೆದದ್ದು. ಬ್ರೇಕ್ ಕೆಲಸವೇ ಹಾಗೆ. ಎಂಜಿನ್ ಬಿಚ್ಚುವವರು ನಿಂತು ಮಾಡುತ್ತಾರೆ, ಸೈಲೆನ್ಸರ್ ಕಟ್ಟುವವರು ಮಲಗಿ ಮಾಡುತ್ತಾರೆ. ಬ್ರೇಕಿನವರು ಮಾತ್ರ ಹಳೇ ಟೈರಿನ ಮೇಲೆ ಕುಳಿತು, ಚಕ್ರ ಕಳಚಿದ ಜಾಗಕ್ಕೆ ಮುಖ ಕೊಟ್ಟು, ಮುನಿಸಿಕೊಂಡ ಮಗುವನ್ನು ಮಾತಾಡಿಸುವವರ ಹಾಗೆ ಗಂಟೆಗಟ್ಟಲೆ ಕೂರಬೇಕು. ನಂಬುವವರು ಈಗಲೇ ನಂಬಬಹುದು. ನಂಬದವರು ಓದಿ ಮುಗಿಸಿ ಆಮೇಲೆ ಜಗಳಕ್ಕೆ ಬರಬಹುದು.

ಆ ಬೆಳಿಗ್ಗೆ ಹಾಗೆ ಕುಳಿತಿದ್ದವಳು ಅತ್ತಿಗೆ. ಆಕೆಯನ್ನು ಹಾಗೆ ಕರೆಯುವ ಹಕ್ಕು ಇದ್ದದ್ದು ಒಬ್ಬನಿಗೆ ಮಾತ್ರ, ಗಂಡನ ತಮ್ಮನಿಗೆ. ಆದರೆ ಅವನು ಹೊತ್ತಿಲ್ಲದ ಹೊತ್ತಿನಲ್ಲಿ ಕರೆದೂ ಕರೆದೂ ಅದು ಗಿರಾಕಿಗಳ ಬಾಯಿಗೂ ಅಂಟಿಕೊಂಡು, ಬಿಳಿಗೂದಲಿನ ತಾತಂದಿರು ಕೂಡ "ಅತ್ತಿಗೆ, ನಮ್ಮ ಗಾಡಿ ಆಯ್ತಾ?" ಎಂದು ಕೇಳುವ ಹಾಗಾಗಿತ್ತು. ಗಂಡ ಲಾರಿ ಓಡಿಸುತ್ತಾ ತಿಂಗಳಲ್ಲಿ ಬಹುಪಾಲು ಊರಾಚೆ ಇರುತ್ತಿದ್ದ. ಗ್ಯಾರೇಜು ನಡೆಯುತ್ತಿದ್ದದ್ದು ಇವರಿಬ್ಬರಿಂದಲೇ. ಓಡಿಸುವುದೆಲ್ಲ ಮೈದುನನ ಪಾಲು, ನಿಲ್ಲಿಸುವುದೆಲ್ಲ ಅತ್ತಿಗೆಯ ಪಾಲು. ಅಂದರೆ ಎಂಜಿನ್ ಅವನದು, ಬ್ರೇಕ್ ಅವಳದು. ಬಾಯಿಯ ವಿಷಯದಲ್ಲೂ ಇದೇ ಏರ್ಪಾಡು; ಅವನದು ಓಡುತ್ತಿತ್ತು, ಅವಳು ನಿಲ್ಲಿಸುತ್ತಿದ್ದಳು.

ಮೈದುನನ ನಿಜವಾದ ಆಸ್ತಿ ಇದ್ದದ್ದು ಗಂಟಲಲ್ಲಿ. ಚಳಿಗೆ ಹಿಡಿದುಕೊಂಡ ಎಂಜಿನ್ ಹೇಗೆ ಕುಂಯ್‌ಗುಟ್ಟುತ್ತದೆ, ಮೂಲೆಯ ಕಂಪ್ರೆಸರ್ ಹೇಗೆ ಕೆಮ್ಮಿ ನಿಲ್ಲುತ್ತದೆ, ಬಿಲ್ಲು ನೋಡಿದ ಗಿರಾಕಿ ಹೇಗೆ ಉಗುಳು ನುಂಗುತ್ತಾನೆ, ಎಲ್ಲವನ್ನೂ ಅವನು ಅಚ್ಚು ಹೊಡೆದ ಹಾಗೆ ಮಾಡಿ ತೋರಿಸುತ್ತಿದ್ದ. ಹಿತ್ತಿಲ ಬಾಗಿಲಲ್ಲಿ ನಿಂತು ತನ್ನ ತಾಯಿಯ ದನಿಯಲ್ಲಿ "ಊಟಕ್ಕೆ ಬರ್ತೀರೋ, ಇಲ್ಲಾ ನಾನೇ ಕಿವಿ ಹಿಡಿದು ಎಳ್ಕೊಂಡು ಹೋಗ್ಲೋ?" ಎಂದು ಕೂಗಿ, ಅತ್ತಿಗೆ ಅರ್ಧ ಕೆಲಸಕ್ಕೇ ಎದ್ದು ಕೈ ಒರೆಸಿಕೊಂಡು ಬರುವಂತೆ ಎಷ್ಟೋ ಸಲ ಮಾಡಿದ್ದ. ಇದರ ಫಲವಾಗಿ ಈಗ ತಾಯಿ ನಿಜವಾಗಿ ಕೂಗಿದರೆ ಯಾರೂ ಏಳುತ್ತಿರಲಿಲ್ಲ. ಆಕೆ ತಟ್ಟೆ ಬಡಿಯಬೇಕಾಗಿತ್ತು. ತಟ್ಟೆಯ ಸದ್ದನ್ನೂ ಅವನು ಅಭ್ಯಾಸ ಮಾಡುತ್ತಿದ್ದ ಎಂಬ ಗುಮಾನಿ ಇತ್ತು.

ಅತ್ತಿಗೆಯ ಆಸ್ತಿ ಬಲಗೈ ಮಣಿಕಟ್ಟು. ಯಾವ ಬೋಲ್ಟಿಗೆ ಎಷ್ಟು ಬಿಗಿ ಎಂಬುದು ಆ ಮಣಿಕಟ್ಟಿಗೆ ಗೊತ್ತಿತ್ತು. ಹಾಗೆಂದು ಆಕೆ ಕೈಯೊಂದನ್ನೇ ನಂಬಿ ಗಾಡಿ ಕಳಿಸಿದವಳಲ್ಲ. ಪ್ರತಿ ಬ್ರೇಕ್ ಬೋಲ್ಟಿನ ಮೇಲೂ ಕೊನೆಗೆ ಟಾರ್ಕ್ ವ್ರೆಂಚ್ ಇಟ್ಟೇ ಇಡುತ್ತಿದ್ದಳು. ಉದ್ದ ಹಿಡಿಯ ಸ್ಪ್ಯಾನರ್ ಅದು. ಹಿಡಿಯ ಬುಡ ತಿರುಗಿಸಿ ಎಷ್ಟು ಬಿಗಿ ಬೇಕೋ ಆ ಅಂಕಿಗೆ ನಿಲ್ಲಿಸಿದರೆ, ಬೋಲ್ಟು ಅಷ್ಟು ಬಿಗಿಯಾದ ಕ್ಷಣಕ್ಕೆ ಅದರ ಹೊಟ್ಟೆಯೊಳಗಿನ ಸ್ಪ್ರಿಂಗು ಜಾರಿ 'ಟಕ್' ಎನ್ನುತ್ತದೆ. ಟಕ್ ಎಂದ ಮೇಲೆ ಕೈ ತೆಗೆಯಬೇಕು. ಕಡಿಮೆ ಬಿಗಿದರೆ ಬೋಲ್ಟು ಓಡಾಟದಲ್ಲಿ ಸಡಿಲಗೊಂಡು ಬ್ರೇಕೇ ಕಳಚಿಕೊಂಡೀತು. ಅತಿಯಾಗಿ ಬಿಗಿದರೆ ಬೋಲ್ಟಿನ ಕತ್ತೇ ಮುರಿದೀತು. "ಇದು ಟಾರ್ಕಿನ ಕೋಲಲ್ಲ, ತರ್ಕದ ಕೋಲು. ನೀವು ಒಂದು ಮಾತಂದ್ರೆ ಅದು ಎದುರುತ್ತರ ಕೊಡತ್ತೆ," ಎನ್ನುತ್ತಿದ್ದ ಮೈದುನ. ಅಷ್ಟು ವರ್ಷಗಳಲ್ಲಿ ಕೋಲಿಗೂ ಕೈಗೂ ಜಗಳ ಬಂದದ್ದೇ ಇಲ್ಲ. ಕೈ 'ಇಲ್ಲಿಗೆ ಸಾಕು' ಎನ್ನುವುದಕ್ಕೂ ಕೋಲು ಟಕ್ ಎನ್ನುವುದಕ್ಕೂ ಸರಿಹೋಗುತ್ತಿತ್ತು.

ಆದರೆ ಮಳೆಗಾಲದ ಆರಂಭದಲ್ಲಿ ಅತ್ತಿಗೆ ಒದ್ದೆ ಮೆಟ್ಟಿಲ ಮೇಲೆ ಜಾರಿ ಅದೇ ಮಣಿಕಟ್ಟು ಮುರಿದುಕೊಂಡಿದ್ದಳು. ಪಟ್ಟಿ ಬಿಚ್ಚಿದ ಡಾಕ್ಟರು, "ಮೂಳೆ ಚೆನ್ನಾಗಿ ಕೂಡಿದೆ, ಇನ್ನು ಏನು ಬೇಕಾದ್ರೂ ಎತ್ತಬಹುದು," ಎಂದಿದ್ದರು. ಎತ್ತುವುದರ ಚಿಂತೆ ಯಾರಿಗಿತ್ತು? ಮೂಳೆ ಕೂಡಿತು ಸರಿ, ಅದರೊಳಗಿನ ಅಂದಾಜು ಕೂಡಿತೇ? ಇದನ್ನು ಆಕೆ ಯಾರಲ್ಲೂ ಬಾಯಿಬಿಟ್ಟು ಕೇಳಿರಲಿಲ್ಲ. ಪಟ್ಟಿ ತೆಗೆದ ಮೇಲೆ ಇದೇ ಮೊದಲ ಬ್ರೇಕ್ ಕೆಲಸ. ಕೈ ಈಗ ಸುಳ್ಳು ಹೇಳತೊಡಗಿದ್ದರೆ ಬ್ರೇಕನ್ನು ಮೈದುನನಿಗೆ ಒಪ್ಪಿಸಿ ತಾನು ಬಾಗಿಲ ಬಳಿಯ ಬಿಲ್ಲು ಬರೆಯುವ ಮೇಜಿಗೆ ಹೋಗಿ ಕೂರುವುದೆಂದು ಆ ಬೆಳಿಗ್ಗೆ ತಲೆ ಬಾಚಿಕೊಳ್ಳುವಾಗ ಆಕೆ ತೀರ್ಮಾನ ಮಾಡಿಬಿಟ್ಟಿದ್ದಳು.

ಗಾಡಿ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರದು. ಕಲಿಯುವವರ ಕಾಲಡಿ ಒಂದು ಬ್ರೇಕ್ ಪೆಡಲು, ಮೇಷ್ಟ್ರ ಕಾಲಡಿ ಇನ್ನೊಂದು. ಎರಡನ್ನೂ ಒಟ್ಟಿಗೇ ತುಳಿಯುವುದರಿಂದ ಆ ಗಾಡಿಯ ಬ್ರೇಕ್ ಪ್ಯಾಡುಗಳು ಬೇರೆ ಗಾಡಿಗಳಿಗಿಂತ ಬೇಗ ಸವೆಯುತ್ತಿದ್ದವು. ಮೇಷ್ಟ್ರು ಬಾಗಿಲ ಬಳಿಯ ಬೆಂಚಿನ ಮೇಲೆ ಕುಳಿತು, ಅಭ್ಯಾಸಬಲದಿಂದ ಬಲಗಾಲಿನಲ್ಲಿ ನೆಲ ಒತ್ತುತ್ತಾ, ಕಾಯುತ್ತಿದ್ದರು. ಪಕ್ಕದ ಗಾಡಿಯ ಬಾನೆಟ್ಟಿನೊಳಗೆ ಮೈದುನ ಸೊಂಟದವರೆಗೆ ಮುಳುಗಿದ್ದ.

ಅತ್ತಿಗೆ ಎರಡೂ ಮುಂದಿನ ಚಕ್ರ ಕಳಚಿ ಹೊಸ ಪ್ಯಾಡು ಕೂರಿಸಿದಳು. ಚಕ್ರದ ಹಿಂದಿನ ತಟ್ಟೆಯನ್ನು ಎರಡೂ ಕಡೆಯಿಂದ ಅಮುಕಿ ಹಿಡಿಯುವ ಕಬ್ಬಿಣದ ಮುಷ್ಟಿಯಂಥ ಕ್ಯಾಲಿಪರನ್ನು ಅದರ ಜಾಗಕ್ಕೆ ಸೇರಿಸಿ, ಬೋಲ್ಟನ್ನು ಬೆರಳಿನಿಂದ ತಿರುಗಿಸಿ ಹಿಡಿಸಿದಳು. ಅಂಕಿಯನ್ನು ನೂರಕ್ಕೆ ಇಟ್ಟಳು. ವ್ರೆಂಚ್ ತೊಡಿಸಿ ಎಳೆದಳು. ಇನ್ನೂ ಬೇಕು ಅಂದಿತು ಕೈ. ಇನ್ನೂ ಸ್ವಲ್ಪ...

ಟಕ್!

ಅತ್ತಿಗೆಯ ಕೈ ತಟ್ಟನೆ ನಿಂತಿತು. ಇಷ್ಟು ಬೇಗ? ಕೈ ಇನ್ನೂ ದಾರಿಯಲ್ಲಿದೆ, ಕೋಲು ಮನೆ ಸೇರಿಬಿಟ್ಟಿದೆ. ಇನ್ನೊಮ್ಮೆ ಮೆಲ್ಲಗೆ ಎಳೆದಳು. ಮತ್ತೆ ಟಕ್.

"ಏನಮ್ಮಾ, ಆಯ್ತಾ?" ಎಂದರು ಮೇಷ್ಟ್ರು.

"ಇದು ಆಯ್ತು ಅಂತಿದೆ ಮೇಷ್ಟ್ರೇ. ನನಗ್ಯಾಕೋ ಆಗಿಲ್ಲ ಅನ್ಸತ್ತೆ."

"ಮೆಷೀನ್ ಅಲ್ವೇನಮ್ಮಾ, ಅದಕ್ಕೇನು ಹಂಗು? ಅದು ಆಯ್ತು ಅಂದ್ರೆ ಆಯ್ತು."

ಬಾನೆಟ್ಟಿನೊಳಗಿಂದ ಮೈದುನ, "ನಮ್ಮ ಅತ್ತಿಗೆಗೆ ಯಾವುದೂ ಸುಲಭವಾಗಿ ಆಗಬಾರದು ಮೇಷ್ಟ್ರೇ. ಸುಲಭವಾಗಿ ಆದ್ರೆ ಅನುಮಾನ," ಎಂದ.

"ನೀನು ನಿನ್ನ ಪ್ಲಗ್ ನೋಡ್ಕೊಳಪ್ಪಾ," ಎಂದಳು ಅತ್ತಿಗೆ.

ಎದೆಯಲ್ಲಿ ಒಂದು ಅಳುಕು ಎದ್ದಿತು, ನಿಜ. ಆದರೆ ಅಳುಕಿನ ಬೆನ್ನಿಗೇ ಕುತೂಹಲವೂ ಎದ್ದು ಅಳುಕಿಗಿಂತ ಮುಂದೆ ಬಂದು ನಿಂತಿತು. ಯಾಕೆ ಬೇಗ ಟಕ್ ಅಂತಿದೆ? ಎಲ್ಲದಕ್ಕೂ ಒಂದು ಯಾಕೆ ಇರಬೇಕಲ್ಲ. ಬೋಲ್ಟಿನ ಸುರುಳಿ ಎಳೆಯಲ್ಲಿ ತುಕ್ಕು ಸಿಕ್ಕಿಕೊಂಡಿದ್ದರೆ ತಿರುಗುವುದಕ್ಕೇ ಬಲ ಹಿಡಿದು, ಬಿಗಿಯಾಗುವ ಮುಂಚೆಯೇ ಕೋಲು ಮೋಸಹೋಗುತ್ತದೆ. ಬೋಲ್ಟು ಬಿಚ್ಚಿ ತಂತಿ ಬ್ರಷ್ಷಿನಲ್ಲಿ ತಿಕ್ಕಿದಳು, ಬೆಳಕಿಗೆ ಹಿಡಿದು ಒಂದೊಂದೇ ಎಳೆ ನೋಡಿದಳು. ಬೆಳ್ಳಗೆ ಹೊಳೆಯುತ್ತಿತ್ತು. ಮತ್ತೆ ಹಾಕಿ ಎಳೆದಳು. ಅದೇ ಜಾಗದಲ್ಲಿ ಟಕ್.

"ಈ ಬೋಲ್ಟೇ ಸರಿಯಿಲ್ವೇನೋ. ಲೋ, ಅಂಗಡಿಗೆ ಹೋಗಿ ಇದೇ ಅಳತೇದು ಹೊಸಾ ಬೋಲ್ಟು ತಗೊಂಡು ಬಾ. ಎರಡು ಚಕ್ರಕ್ಕೂ."

ಮೈದುನ ಬಾನೆಟ್ಟಿನಿಂದ ತಲೆ ಹೊರಗೆ ತೆಗೆದ. ಮುಖದಲ್ಲಿ ಏನೋ ಹೇಳುವಂಥ ಕಳೆ ಬಂದು ಹೋಯಿತು. "ಹೊಸದೇ ಬೇಕಾ ಅತ್ತಿಗೆ?"

"ಬೇಕು."

"ಸರಿ," ಎಂದು ಹೊರಟವನು ಬಾಗಿಲ ಬಳಿ ತಿರುಗಿ ನೋಡಿ, ತುಟಿ ಕಚ್ಚಿಕೊಂಡು ಹೋದ.

ಅವನು ಅತ್ತ ಹೋದದ್ದೇ ಅತ್ತಿಗೆ ಇತ್ತ ಎದ್ದಳು. ಈಗ ವಿಚಾರಣೆ ಕೋಲಿನದು. "ಮೇಷ್ಟ್ರೇ, ಸ್ವಲ್ಪ ಕೈ ಹಾಕ್ತೀರಾ? ಒಳಗಡೆ ಕುಡಿಯೋ ನೀರಿನ ಇಪ್ಪತ್ತು ಲೀಟರ್ ಕ್ಯಾನ್ ಇದೆ."

"ಬಾಯಾರಿಕೇನಾ?"

"ನನಗಲ್ಲ, ಇದಕ್ಕೆ," ಎಂದು ವ್ರೆಂಚ್ ತೋರಿಸಿದಳು.

ಅದರ ತಲೆಯನ್ನು ಕೆಲಸದ ಮೇಜಿನ ಅಂಚಿನ ವೈಸಿನ ಕಬ್ಬಿಣದ ದವಡೆಯಲ್ಲಿ ಕಚ್ಚಿಸಿ, ಹಿಡಿಯನ್ನು ನೆಲಕ್ಕೆ ಸಮವಾಗಿ ನಿಲ್ಲಿಸಿದಳು. ಅರ್ಧ ಮೀಟರ್ ಅಳೆದು ಸೀಮೆಸುಣ್ಣದ ಗೆರೆ ಎಳೆದಳು. ಆ ಗೆರೆಗೆ ಹಗ್ಗ ಕಟ್ಟಿ ತುಂಬಿದ ಕ್ಯಾನ್ ತೂಗಿಬಿಟ್ಟರೆ ಹತ್ತಿರ ಹತ್ತಿರ ನೂರರ ಬಿಗಿ ಬೀಳಬೇಕು. ಅಂಕಿಯನ್ನು ನೂರಕ್ಕಿಂತ ಒಂದಿಷ್ಟು ಕೆಳಗಿಟ್ಟಾಗ, ಮೇಷ್ಟ್ರು ಕ್ಯಾನನ್ನು ಮಲಗಿದ ಮಗುವಿನಂತೆ ಮೆಲ್ಲಗೆ ಇಳಿಬಿಟ್ಟರು. ಟಕ್! ಹಿಡಿ ಒಮ್ಮೆ ಜಗ್ಗಿ ಕೆಳಕ್ಕೆ ಜಾರಿತು. ಅಂಕಿಯನ್ನು ನೂರಕ್ಕಿಂತ ಒಂದಿಷ್ಟು ಮೇಲಿಟ್ಟಾಗ ಕ್ಯಾನು ಗಾಳಿಯಲ್ಲಿ ತೂಗಾಡುತ್ತಾ ಉಳಿಯಿತು. ಕೋಲು ತುಟಿಪಿಟಕ್ ಅನ್ನಲಿಲ್ಲ.

"ಅಬ್ಬಬ್ಬಾ," ಎಂದರು ಮೇಷ್ಟ್ರು. "ಚಿನ್ನದಂಗಿದೆಯಲ್ಲಮ್ಮಾ ಟೂಲು!"

ಮೇಷ್ಟ್ರಿಗೆ ಖುಷಿ. ಅತ್ತಿಗೆ ಕ್ಯಾನಿನ ಹಗ್ಗ ಬಿಚ್ಚಿದಳು. ಬೋಲ್ಟು ಶುದ್ಧ, ಕೋಲು ಸರಿ. ಉಳಿದದ್ದು ಕೈ. ಹೊಸದಾಗಿ ಕೂಡಿದ ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ಟೈರಿನ ಮೇಲೆ ಕುಳಿತಳು. ನೂರನ್ನು ಮುಟ್ಟಿದಾಗಲೂ ಇನ್ನೂ ಬೇಕು ಇನ್ನೂ ಬೇಕು ಎನ್ನುವ ಕೈಯನ್ನು ಇಟ್ಟುಕೊಂಡು ಏನು ಮಾಡುವುದು? ಬಾಗಿಲ ಬಳಿಯ ಮೇಜಿನತ್ತ ಕಣ್ಣು ತಾನಾಗಿ ಹೋಯಿತು. ಅದರ ಮೇಲೊಂದು ಫೋನು, ಒಂದು ಕ್ಯಾಲೆಂಡರು, ದೂಳು. ನೋಡುತ್ತಿದ್ದಂತೆಯೇ ಬೇಸರ ಬಂತು. ಅಲ್ಲಿ ಯಾಕೆ ಎಂದು ಕೇಳುವಂಥದ್ದು ಒಂದೂ ಇರಲಿಲ್ಲ.

ಮೈದುನ ಬೋಲ್ಟು ತಂದುಕೊಟ್ಟು ಮತ್ತೆ ಬಾನೆಟ್ಟಿನೊಳಗೆ ಇಳಿದ. ಅತ್ತಿಗೆ ಹೊಸ ಬೋಲ್ಟು ಹಿಡಿಸಿ, ಅಂಕಿ ನೂರಕ್ಕೆ ಇಟ್ಟು, ಉಸಿರು ಬಿಗಿಹಿಡಿದು ಎಳೆದಳು. ಮತ್ತೆ ಅದೇ, ಬೇಗ ಬಂದ ಟಕ್.

ಆದರೆ ಈ ಸಲ ಏನೋ ಒಂದು ಕೊರೆಯಿತು. ಕ್ಯಾನು ತೂಗಿದಾಗ ಹಿಡಿ ಜಗ್ಗಿತ್ತಲ್ಲ? ಅವಳು ಎಳೆದಾಗಲೂ ಪ್ರತಿ ಸಲ ಆ ಜಗ್ಗು ಅಂಗೈಗೆ ಬರಬೇಕು. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟ ಹಾಗೆ ಒಂದು ಸಣ್ಣ ಜಾರು. ಈಗ ಬಂದ ಟಕ್ಕು ಕಿವಿಗೆ ಬಂತು. ಅಂಗೈಗೆ ಬರಲೇ ಇಲ್ಲ. ಕಿವಿಗೆ ಬಂದು ಕೈಗೆ ಬಾರದ ಟಕ್ಕು ಎಂಥದ್ದು?

ಅತ್ತಿಗೆಯ ಅಳುಕು ಎಲ್ಲಿ ಹೋಯಿತೋ. ಕಣ್ಣು ಸಣ್ಣಗಾದವು. ಎದ್ದು ಹೋಗಿ ಗೋಡೆಯ ಮೊಳೆಯಿಂದ, ಗ್ರೈಂಡರ್ ಹಿಡಿಯುವಾಗ ಸದ್ದು ತಡೆಯಲು ಹಾಕಿಕೊಳ್ಳುವ ದಪ್ಪನೆಯ ಕಿವಿಮುಚ್ಚಿಗೆ ತೆಗೆದಳು. ತಲೆಗೆ ಸಿಕ್ಕಿಸಿಕೊಂಡಳು. ಕಂಪ್ರೆಸರ್, ಬೀದಿ, ಮೇಷ್ಟ್ರು, ಎಲ್ಲರ ದನಿಯೂ ನೀರಿನಡಿ ಹೋಯಿತು. ಕುಳಿತು, ಮೆಲ್ಲಗೆ ಎಳೆಯತೊಡಗಿದಳು. ಎಳೆಯುತ್ತಾ, ಯಾಕೋ ತಲೆ ಎತ್ತಿದಳು. ಪಕ್ಕದ ಗಾಡಿಯ ಕನ್ನಡಿ ಸರಿಯಾಗಿ ಅವಳ ಕಡೆಗೇ ವಾಲಿತ್ತು. ಅದರೊಳಗೆ, ಬಾನೆಟ್ಟಿನ ಸಂದಿಯಲ್ಲಿ, ಮೈದುನನ ಮುಖ. ಕಣ್ಣು ಅವಳ ಕೈಯ ಮೇಲೆ ನೆಟ್ಟಿತ್ತು. ಕೆನ್ನೆ ಎರಡೂ ಒಳಕ್ಕೆ ಹೋಗಿ ತುಟಿ ಮೂತಿಯಾಯಿತು. ನಾಲಿಗೆ ಅಂಗುಳಕ್ಕೆ ಅಂಟಿ, ಫಟ್ಟನೆ ಬಿಟ್ಟುಕೊಂಡಿತು.

ಸದ್ದಿಲ್ಲದೆ ನೋಡಿದರೆ ದಡಕ್ಕೆ ಬಿದ್ದ ಮೀನು.

ಅತ್ತಿಗೆ ನಿಲ್ಲಿಸಲಿಲ್ಲ. ಎಳೆದಳು. ಕೈ ಎಲ್ಲಿ 'ಸಾಕು' ಎಂದಿತೋ ಅಲ್ಲೇ ಅಂಗೈಯೊಳಗೆ ಆ ಸಣ್ಣ ಜಾರು ಬಂತು.

ಕಿವಿಮುಚ್ಚಿಗೆ ತೆಗೆದು ಮೊಳೆಗೆ ಹಾಕಿದಳು. ಮುಖದಲ್ಲಿ ಒಂದು ಗೆರೆಯೂ ಕದಲಲಿಲ್ಲ. "ಲೋ ಮರಿ," ಎಂದಳು ಅಕ್ಕರೆಯಿಂದ, "ತಲೆ ಸಿಡೀತಿದೆ ಕಣೋ. ಆ ತಿರುವಿನ ಅಂಗಡಿಯಿಂದ ಮೂರು ಟೀ ತಗೊಂಡು ಬರ್ತೀಯಾ? ಹಾಲು ಹೊಸದಾಗಿ ಕಾಯಿಸಿದ್ದೇ ಆಗಬೇಕು."

ಅವನು ಹೋದ. ಅತ್ತಿಗೆ ಮೇಷ್ಟ್ರ ಕಿವಿಯಲ್ಲಿ ಏನೋ ಹೇಳಿದಳು. ಮೇಷ್ಟ್ರ ಹುಬ್ಬು ಹಣೆ ಹತ್ತಿತು. "ನಾಲಿಗೇಲಾ?"

"ನಾಲಿಗೇಲೇ."

"ಮತ್ತೆ ಈಗ ಸರಿಯಾಗಿ ಬಿಗಿದುಬಿಡಿ."

"ಬಿಗೀತೀನಿ. ಆದ್ರೆ ಟೂಲ್ ಇಲ್ದೆ, ಬರೀ ಕೈಯಲ್ಲಿ," ಎಂದಳು ಅತ್ತಿಗೆ. "ನನ್ನ ಕೈ ಸರಿ ಇದೆಯಾ ಅಂತ ನನಗೆ ಗೊತ್ತಾಗಬೇಕು ಮೇಷ್ಟ್ರೇ. ನಾನೇ ಪರೀಕ್ಷೆ ಮಾಡ್ಕೊಂಡ್ರೆ ನಾನೇ ಪಾಸ್ ಮಾಡ್ಕೊಂಡುಬಿಡ್ತೀನಿ. ಬೇರೆಯವರು ನೋಡ್ಬೇಕು, ಅದೂ ಹೆದರಿಕೊಂಡು ನೋಡ್ಬೇಕು. ಅಲ್ಲಿವರೆಗೂ ಗಾಡಿ ಒಂದಿಂಚೂ ಕದಲಬಾರದು. ನೀವು ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಬರೀ ಸದ್ದು ಮಾಡಿ ಸಾಕು."

ಆಗಲೇ ಬಿಗಿದಿದ್ದ ಬೋಲ್ಟನ್ನೂ ಸಡಿಲಿಸಿ, ಗೋಡೆಯಿಂದ ಟಕ್ ಎನ್ನದ ಮಾಮೂಲಿ ಸ್ಪ್ಯಾನರ್ ತೆಗೆದುಕೊಂಡಳು. ಎರಡೂ ಮುಂದಿನ ಚಕ್ರಗಳ ಬೋಲ್ಟುಗಳನ್ನು ಒಂದೊಂದಾಗಿ, ಕಣ್ಣು ಮುಚ್ಚಿ, ಕೈ ಹೇಳಿದಲ್ಲಿಗೆ ನಿಲ್ಲಿಸಿದಳು. ಚಕ್ರ ಹಾಕಿ ಗಾಡಿ ಇಳಿಸಿದಳು.

ಮೈದುನ ಟೀ ಹಿಡಿದು ಬರುವಾಗ ಮೇಷ್ಟ್ರು ಒಳಗೆ ಕುಳಿತು ಬೆಲ್ಟ್ ಹಾಕಿಕೊಂಡಿದ್ದರು. ಎಂಜಿನ್ ಗುಂಯ್ ಎನ್ನುತ್ತಿತ್ತು.

"ಏನ್ ಅತ್ತಿಗೆ, ಚಕ್ರ ಹಾಕ್ಬಿಟ್ರಾ?"

"ಹೂಂ. ಬೆಳಗಿನಿಂದ ಟೂಲ್ ಎಲ್ಲಿ ಟಕ್ ಅಂತಿತ್ತೋ ಅದೇ ಬಿಗಿಗೆ ಎಲ್ಲಾದನ್ನೂ ನಿಲ್ಲಿಸಿದೆ. ನೀರಿನ ಕ್ಯಾನ್ ಕಟ್ಟಿ ನೋಡಿದ್ದಾಯ್ತು, ಟೂಲ್ ಸರಿಯಾಗಿದೆ. ಕೆಟ್ಟಿರೋದು ನನ್ನ ಕೈ," ಎಂದಳು ಅತ್ತಿಗೆ. ಮುಂದಿನ ಮಾತಿಗೆ ನಟನೆ ಬೇಕಾಗಲಿಲ್ಲ. ಬೆಳಗಿನಿಂದ ಎದೆಯಲ್ಲಿದ್ದದ್ದೇ ಅದು. "ಮೂಳೆ ಕೂಡಿದ್ರೂ ಅಂದಾಜು ಹೋಯ್ತು ಕಣೋ. ನಾಳೆಯಿಂದ ಬ್ರೇಕೂ ನೀನೇ ನೋಡ್ಕೋ. ನಾನು ಅಲ್ಲಿ ಮೇಜಿನ ಹತ್ರ ಕೂತ್ಕೋತೀನಿ. ಮೇಷ್ಟ್ರೇ, ಹೊರಡಿ."

ಮೈದುನ ಟೀ ಲೋಟ ಹಿಡಿದೇ ಗಾಡಿಯ ಕಿಟಕಿಯತ್ತ ಧಾವಿಸಿದ. "ಬೇಡ! ಮೇಷ್ಟ್ರೇ, ಬೇಡ! ಅತ್ತಿಗೆ, ಟಕ್ ಅಂದಿದ್ದು ಅದಲ್ಲ, ನಾನು!"

"ಏನಂದೆ?"

"ನಾನೇ! ಬಾಯಲ್ಲಿ! ಹೋದ ವಾರ ಕಲ್ತೆ. ಗಾಡಿ ಹೊರಡೋ ಮುಂಚೆ ಹೇಳಿ, ನಾನೇ ಎಲ್ಲಾ ಬಿಗಿದುಕೊಡ್ಬೇಕು ಅಂತಿದ್ದೆ. ನಿಮಗೆ ಕೈದೇ ಚಿಂತೆ ಅಂತ ನನಗೆ ಗೊತ್ತೇ ಇರಲಿಲ್ಲ, ನಿಮ್ಮಾಣೆ!"

"ನನಗೆ ಬೇಜಾರಾಗಬಾರದು ಅಂತ ಸುಳ್ಳು ಹೇಳ್ತಿದೀಯ. ಎಲ್ಲಿ, ಮಾಡಿ ತೋರಿಸು."

ಮೈದುನ ಲೋಟಗಳನ್ನು ಮೇಜಿನ ಮೇಲಿಟ್ಟು ಕೆನ್ನೆ ಒಳಕ್ಕೆ ಎಳೆದುಕೊಂಡ. ಪಸ್ ಎಂದಿತು. ಮತ್ತೆ ಎಳೆದುಕೊಂಡ. ಪುಸ್. ಹೆದರಿಕೆಗೆ ಬಾಯಿ ಒಣಗಿ ನಾಲಿಗೆ ಮರದ ಹಲಗೆಯಾಗಿತ್ತು. ಲೋಕದ ಸದ್ದನ್ನೆಲ್ಲ ಗಂಟಲಲ್ಲಿ ಇಟ್ಟುಕೊಂಡವನಿಗೆ ಒಂದು ಟಕ್ ಹುಟ್ಟಲಿಲ್ಲ.

"ನೋಡಿದ್ಯಾ?" ಎಂದಳು ಅತ್ತಿಗೆ ನಿಟ್ಟುಸಿರಿಟ್ಟು.

ಮೇಷ್ಟ್ರು ಆಕ್ಸಿಲರೇಟರ್ ತುಳಿದರು. ಮೈದುನ ಹಾರಿ ಗಾಡಿಯ ಮುಂದೆ ಕೈ ಚಾಚಿ ನಿಂತ. "ಹೋಗೋದಾದ್ರೆ ನನ್ನ ಮೇಲೆ ಹೋಗಿ!"

ಮೇಷ್ಟ್ರು ಕಿಟಕಿಯಿಂದ ತಲೆ ಹಾಕಿ, ಪಾಠ ಹೇಳುವ ದನಿಯಲ್ಲಿ, "ವಾಹನದ ಮುಂದೆ ಅಡ್ಡ ಬರಬಾರದು," ಎಂದರು.

"ಆಫ್ ಮಾಡಿ ಮೇಷ್ಟ್ರೇ, ಕೈ ಮುಗೀತೀನಿ!"

ಮೇಷ್ಟ್ರು ಆಫ್ ಮಾಡಿ ಇಳಿದರು. ಮೈದುನ ಜಾಕ್ ಹಾಕಿದ, ಅದರ ಪಕ್ಕ ಸ್ಟ್ಯಾಂಡ್ ಕೊಟ್ಟ, ಮುಂದಿನ ಎರಡೂ ಚಕ್ರ ಕಿತ್ತ. ಅವನು ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ಅತ್ತಿಗೆ ಕಂಡಿರಲಿಲ್ಲ. ಟಾರ್ಕ್ ವ್ರೆಂಚನ್ನು ನೂರಕ್ಕೆ ಇಟ್ಟು ಮೊದಲ ಬೋಲ್ಟಿಗೆ ತೊಡಿಸಿ ಎಳೆದ.

ಅತ್ತಿಗೆ ಅವನ ಹಿಂದೆ ಬಗ್ಗಿ ನಿಂತಿದ್ದಳು. ಈಗ ಉಸಿರು ಹಿಡಿದವಳು ಅವಳು.

ಟಕ್. ಬೋಲ್ಟು ಕೂದಲೆಳೆಯಷ್ಟೂ ತಿರುಗಿರಲಿಲ್ಲ.

ಮೈದುನ ಕಣ್ಣುಜ್ಜಿಕೊಂಡ. ಎರಡನೆಯದು. ಟಕ್, ಅದೂ ಕದಲಲಿಲ್ಲ. ಆ ಕಡೆಯ ಚಕ್ರಕ್ಕೆ ಓಡಿದ. ಅಲ್ಲೂ ಹಾಗೆಯೇ.

"ಕಮ್ಮಿ ಅಂತೂ ಇಲ್ಲ," ಎಂದಳು ಅತ್ತಿಗೆ. "ಹೆಚ್ಚಾಗಿದೆಯಾ ನೋಡು. ಅಂಕಿ ಒಂಚೂರು ಏರಿಸಿ ಎಳಿ."

ಅವನು ಏರಿಸಿ ಎಳೆದ. ಈಗ ಬೋಲ್ಟು ಕೂದಲೆಳೆಯಷ್ಟು ತಿರುಗಿ ಆಮೇಲೆ ಟಕ್ ಎಂದಿತು. ಎಲ್ಲ ಬೋಲ್ಟೂ ಅಷ್ಟೇ. ಹೆಚ್ಚೂ ಇಲ್ಲ, ಕಮ್ಮಿಯೂ ಇಲ್ಲ.

"ಅತ್ತಿಗೆ," ಎಂದ ಮೈದುನ ಕುಳಿತಲ್ಲಿಂದಲೇ ತಿರುಗಿ, "ಎಲ್ಲಾ ಸರಿಯಾಗೇ ಇದೆ. ಟೂಲ್ ಇಟ್ಟೇ ಬಿಗಿದಿದ್ದೀರಲ್ಲ, ಮತ್ತೆ ಯಾಕೆ..."

"ಟೂಲ್ ಮುಟ್ಟಿಲ್ಲ ಕಣೋ. ಆ ಸ್ಪ್ಯಾನರ್‌ನಲ್ಲಿ ಬಿಗಿದಿದ್ದು. ನಿನ್ನ ಮೀನಿನ ಮೂತಿ ಆ ಕನ್ನಡಿಯಲ್ಲಿ ಕಂಡ ಮೇಲೆ, ನನ್ನ ಕೈಗೆ ಒಬ್ಬ ಒಳ್ಳೇ ಇನ್ಸ್‌ಪೆಕ್ಟರ್ ಬೇಕು ಅನ್ನಿಸ್ತು. ಎಂಥಾ ಮುತುವರ್ಜಿಯಿಂದ ನೋಡಿದ್ಯೋ, ಮಾರಾಯ!"

ಮೈದುನ ಕನ್ನಡಿ ನೋಡಿದ. ಗೋಡೆಯ ಸ್ಪ್ಯಾನರ್ ನೋಡಿದ. ಮೇಷ್ಟ್ರನ್ನು ನೋಡಿದ, ಮೇಷ್ಟ್ರು ಆಗಲೇ ಹೊಟ್ಟೆ ಹಿಡಿದುಕೊಂಡಿದ್ದರು. "ನ್ಯೂಟ್ರಲ್‌ನಲ್ಲಿತ್ತಪ್ಪಾ," ಎಂದರು ಹೇಗೋ ಉಸಿರು ತಂದುಕೊಂಡು. "ಹ್ಯಾಂಡ್‌ಬ್ರೇಕ್ ಬೇರೆ. ನೀನು ಅಡ್ಡ ನಿಂತಿದ್ದೆಯಲ್ಲ, ನಾನು ಹೊರಟೆ ಅಂದ್ರೂ ಅದು ಬರ್ತಿರಲಿಲ್ಲ!"

ಅತ್ತಿಗೆ ಆ ನಗುವಿನ ನಡುವೆಯೇ ಟೈರಿನ ಮೇಲೆ ಕುಳಿತು ಬೋಲ್ಟುಗಳನ್ನೆಲ್ಲ ಸಡಿಲಿಸಿ, ಅಂಕಿಯನ್ನು ನೂರಕ್ಕೆ ಇಳಿಸಿ, ಮತ್ತೆ ಕ್ರಮವಾಗಿ ಬಿಗಿಯತೊಡಗಿದಳು. ಕೈ ಸರಿಯೆಂದು ಗೊತ್ತಾಯಿತೆಂದು ಬ್ರೇಕನ್ನು ಕೈಯ ಮಾತಿನ ಮೇಲೆ ಕಳಿಸಲಾಗುತ್ತದೆಯೇ? ಬಾಯಿ ಬಿಗಿಹಿಡಿದೇ ಕೆಲಸ ಮಾಡುತ್ತಿದ್ದಳು, ಆದರೆ ಭುಜಗಳು ಕುಲುಕುತ್ತಿದ್ದವು.

ಹಿತ್ತಿಲ ಬಾಗಿಲಿಗೆ ಮೈದುನನ ತಾಯಿ ಬಂದು ನಿಂತು, "ಏನ್ರೋ ಅದು ಗಲಾಟೆ? ಅದು ಯಾವ ಗಾಡಿ ಹಂಗೆ ಒದರ್ತಿರೋದು?" ಎಂದು ಕೇಳಿದರು. ಯಾವ ಗಾಡಿಯೂ ಅಲ್ಲ. ಕಿತ್ತ ಚಕ್ರವನ್ನು ತಬ್ಬಿಕೊಂಡು ನೆಲದ ಮೇಲೆ ಕಾಲು ಚಾಚಿ ಕುಳಿತಿದ್ದ ಮೈದುನ, ಕಣ್ಣಲ್ಲಿ ನೀರು ಸುರಿಸುತ್ತಾ, ಯಾರ ದನಿಯನ್ನೂ ಸಾಲ ತರದೆ ತನ್ನ ಸ್ವಂತ ಗಂಟಲಿನಲ್ಲಿ, ಮೂವರಲ್ಲೂ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದ.